ಲೇತಿನ ಮೇಲೆ ಉದ್ದನೆಯ ಶಾಫ್ಟು: ಮುಳ್ಳು ನಿಂತರೆ ಸಾಕೆ?

ಸೈಕಲ್ ಅಂಗಡಿಯಲ್ಲಿ ಚಕ್ರದ ಬೆಂಡ್ ತೆಗೆಯುವುದನ್ನು ನೀವೆಲ್ಲ ನೋಡಿರುತ್ತೀರಿ. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರವನ್ನು ತಿರುಗಿಸುತ್ತಾರೆ. ಬೆರಳನ್ನು ಫೋರ್ಕಿಗೆ ಆನಿಸಿ, ಉಗುರಿನ ತುದಿಯನ್ನು ರಿಮ್ಮಿನ ಪಕ್ಕಕ್ಕೆ ಹಿಡಿಯುತ್ತಾರೆ. ರಿಮ್ಮು ಒಂದು ಕಡೆ ಉಗುರಿಗೆ ತಗಲುತ್ತದೆ, ಇನ್ನೊಂದು ಕಡೆ ದೂರ ಸರಿಯುತ್ತದೆ. ಕಡ್ಡಿಗಳನ್ನು ಅಲ್ಲಲ್ಲಿ ಬಿಗಿ ಮಾಡಿ, ಅಲ್ಲಲ್ಲಿ ಸಡಿಲಿಸಿ, ಸುತ್ತಿನುದ್ದಕ್ಕೂ ಒಂದೇ ಅಂತರ ಬಂದಾಗ ಕೆಲಸ ಮುಗಿಯಿತೆನ್ನುತ್ತಾರೆ.

ನಿಜವಾಗಿಯೂ ಮುಗಿಯಿತೆ? ಚಕ್ರದ ಅಚ್ಚು ಫೋರ್ಕಿನಲ್ಲಿ ಸ್ವಲ್ಪ ಓರೆಯಾಗಿ ಕುಳಿತಿದೆ ಎನ್ನಿ. ಆಗ ಬೆಂಡ್ ಇಲ್ಲದ ಚಕ್ರವೂ ಓರೆಯಾಗಿಯೇ ತಿರುಗುತ್ತದೆ, ಆದರೆ ಒಂದಿಷ್ಟೂ ಓಲಾಡುವುದಿಲ್ಲ. ಉಗುರು ಒಂದೇ ಕಡೆ ನಿಂತಿರುವುದರಿಂದ ಅದಕ್ಕೆ ಯಾವ ದೋಷವೂ ತಿಳಿಯದು. ದೋಷ ಮಾತ್ರ ಹಾಗೆಯೇ ಉಳಿದಿರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ತಿರುಗುವಾಗ ಅತ್ತಿತ್ತ ಆಡುವುದು ಒಂದು. ಅದನ್ನು ಓಲಾಟ ಎನ್ನೋಣ. ತಿರುಗುವ ಅಕ್ಷವೇ ಇರಬೇಕಾದ ದಿಕ್ಕಿನಲ್ಲಿ ಇಲ್ಲದಿರುವುದು ಇನ್ನೊಂದು. ಅದನ್ನು ಓರೆ ಎನ್ನೋಣ. ಲೇತ್ ಯಂತ್ರದ ಮೇಲೆ ಉದ್ದನೆಯ ಶಾಫ್ಟನ್ನು ಕೂರಿಸುವವರು ಈ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮೊದಲನೆಯದನ್ನು ಮಾತ್ರ ನೋಡಿ ಎರಡನೆಯದನ್ನು ಮರೆಯುವುದರಿಂದ ಎಷ್ಟೋ ಒಳ್ಳೆಯ ಉಕ್ಕು ಹಾಳಾಗುತ್ತದೆ.

ಶಾಫ್ಟು ಎಲ್ಲೆಲ್ಲಿದೆ?

ಮಲ್ಪೆ, ಮಂಗಳೂರು ಬಂದರುಗಳ ಯಾಂತ್ರಿಕ ಮೀನುಗಾರಿಕೆ ದೋಣಿಗಳಲ್ಲಿ ಇಂಜಿನ್ನಿನಿಂದ ನೀರಿನಡಿಯ ಪ್ರೊಪೆಲ್ಲರಿನವರೆಗೆ ಉದ್ದನೆಯ ಶಾಫ್ಟು ಹಾದುಹೋಗುತ್ತದೆ. ಆಳದ ಬಾವಿಯ ಟರ್ಬೈನ್ ಪಂಪಿನಲ್ಲಿ ಮೇಲಿನ ಮೋಟಾರಿನ ತಿರುಗುವಿಕೆಯನ್ನು ಕೆಳಗಿನ ಚಕ್ರಕ್ಕೆ ಮುಟ್ಟಿಸುವುದೂ ಶಾಫ್ಟೇ. ಅಕ್ಕಿ ಗಿರಣಿ, ಕಬ್ಬಿನ ಗಾಣ, ಮಗ್ಗ, ಎಲ್ಲೆಡೆಯೂ ಅದಿದೆ. ಇವುಗಳಲ್ಲಿ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗಿದ್ದರೆ ಬೇರಿಂಗು ಒಂದು ಕಡೆ ಬಿಗಿಯಾಗಿ ಬಿಸಿಯೇರುತ್ತದೆ, ಇನ್ನೊಂದು ಕಡೆ ಸಡಿಲವಾಗಿ ಬಡಿಯುತ್ತದೆ. ದೋಣಿಯಲ್ಲಾದರೆ ಶಾಫ್ಟು ಹೊರಬರುವ ಜಾಗದ ಬಿರಡೆ ಬೇಗ ಸವೆದು ನೀರು ಒಳಗೆ ಜಿನುಗತೊಡಗುತ್ತದೆ. ಕಡಲಿನ ನಡುವೆ ಇದು ಸಣ್ಣ ಸಂಗತಿಯಲ್ಲ.

ಮರಗೆಲಸದವರಿಗೆ ಇರುವಂತೆ ಇಲ್ಲಿ ತೇಪೆ ಹಾಕುವ ಅವಕಾಶವೂ ಕಡಿಮೆ. ಉಳಿ ಒಮ್ಮೆ ಕೆತ್ತಿ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಕೆತ್ತುವ ಮೊದಲಿನ ಅರ್ಧ ಗಂಟೆಯೇ ಕೆಲಸದ ಹಣೆಬರಹವನ್ನು ನಿರ್ಧರಿಸುತ್ತದೆ.

ಮೂರು ರೇಖೆಗಳು

ಲೇತಿನ ರಚನೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕೆಳಗೆ ಬೆಡ್ ಎಂಬ ಉದ್ದನೆಯ ಎರಕದ ಕಬ್ಬಿಣದ ಅಡಿಪಾಯ. ಅದರ ಎಡ ತುದಿಯಲ್ಲಿ ಹೆಡ್‌ಸ್ಟಾಕ್. ಅದರೊಳಗೆ ತಿರುಗುವ ಸ್ಪಿಂಡಲ್. ಸ್ಪಿಂಡಲಿನ ಮೂತಿಗೆ ಜಾಬನ್ನು ಹಿಡಿಯುವ ಚಕ್. ಬಲ ತುದಿಯಲ್ಲಿ ಸರಿಸಬಹುದಾದ ಟೇಲ್‌ಸ್ಟಾಕ್. ಅದರಲ್ಲಿ ಸೆಂಟರ್ ಎಂಬ ಚೂಪಾದ ಶಂಕು. ನಡುವೆ ಬೆಡ್ಡಿನ ಹಳಿಗಳ ಮೇಲೆ ಎಡಬಲಕ್ಕೆ ಚಲಿಸುವ ಕ್ಯಾರೇಜ್; ಅದರ ಮೇಲೆ ಕತ್ತರಿಸುವ ಟೂಲ್.

ಇಲ್ಲಿ ಮೂರು ರೇಖೆಗಳನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಸ್ಪಿಂಡಲ್ ತಿರುಗುವ ಅಕ್ಷ ಒಂದು. ಕ್ಯಾರೇಜಿನ ಜೊತೆ ಟೂಲಿನ ತುದಿ ಸಾಗುವ ದಾರಿ ಎರಡು. ಶಾಫ್ಟಿನ ಸ್ವಂತ ಅಕ್ಷ ಮೂರು. ಶಾಫ್ಟಿನ ಅಕ್ಷವು ಸ್ಪಿಂಡಲಿನ ಅಕ್ಷದ ಮೇಲೆಯೇ ಕೂರಬೇಕು. ಟೂಲಿನ ದಾರಿ ಅವೆರಡಕ್ಕೂ ಸಮಾನಾಂತರವಾಗಿರಬೇಕು. ಶಾಫ್ಟನ್ನು ಲೈನಿಗೆ ತರುವುದೆಂದರೆ ಇಷ್ಟೇ. ಗಿಡ್ಡ ತುಂಡಿನಲ್ಲಿ ಸಣ್ಣ ಓರೆ ಕಣ್ಣಿಗೆ ಬೀಳದು. ಉದ್ದ ಹೆಚ್ಚಿದಂತೆ ಅದೇ ಓರೆ ತುದಿಯಲ್ಲಿ ದೊಡ್ಡದಾಗುತ್ತದೆ.

ಎರಡು ಪ್ರಶ್ನೆ, ಎರಡು ಪರೀಕ್ಷೆ

ಪರೀಕ್ಷೆಗೆ ಬೇಕಾದ ಮುಖ್ಯ ಸಾಧನ ಡಯಲ್ ಗೇಜ್. ಇದರ ಕಡ್ಡಿಯನ್ನು ಒಳಕ್ಕೆ ಒತ್ತಿದಷ್ಟೂ ಮುಖದ ಮೇಲಿನ ಮುಳ್ಳು ಮುಂದೆ ಸರಿಯುತ್ತದೆ. ಸಾಮಾನ್ಯ ಗೇಜಿನಲ್ಲಿ ಒಂದು ಗೆರೆ ಎಂದರೆ 0.01 ಮಿ.ಮೀ. ನಮ್ಮ ತಲೆಗೂದಲಿನ ದಪ್ಪ ಇಂಥ ಏಳೆಂಟು ಗೆರೆಗಳಷ್ಟು.

ಗೇಜನ್ನು ಒಂದೇ ಕಡೆ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಓಲಾಟ ತಿಳಿಯುತ್ತದೆ. ಶಾಫ್ಟನ್ನು ನಿಲ್ಲಿಸಿ, ಗೇಜನ್ನು ಕ್ಯಾರೇಜಿನ ಮೇಲಿಟ್ಟು ಶಾಫ್ಟಿನುದ್ದಕ್ಕೂ ಸಾಗಿಸಿದರೆ ಓರೆ ತಿಳಿಯುತ್ತದೆ. ಪರದೆಯ ಮೇಲೆ ನೋಡುವಾಗ ಎರಡರಲ್ಲೂ ಮುಳ್ಳು ಅಲುಗುವುದಷ್ಟೇ ಕಾಣುತ್ತದೆ. ಆದರೆ ಉತ್ತರ ಸಿಗುವುದು ಎರಡು ಬೇರೆ ಪ್ರಶ್ನೆಗಳಿಗೆ.

ಹಲವರು ಎಡವುವ ಜಾಗ ಸ್ಟೆಡಿ. ಉದ್ದನೆಯ ಶಾಫ್ಟು ತೂಗಾಡದಂತೆ ಬೆಡ್ಡಿಗೆ ಬಿಗಿದು ನಿಲ್ಲಿಸುವ ಉಂಗುರದಂಥ ಆಸರೆ ಇದು. ಇದರ ಮೂರು ಬೆರಳುಗಳು ಶಾಫ್ಟನ್ನು ಮೂರು ಕಡೆಯಿಂದ ತಾಗಿ ಹಿಡಿಯುತ್ತವೆ. ಶಾಫ್ಟು ದುಂಡಗಿದ್ದರೆ ಸ್ಟೆಡಿಯ ಪಕ್ಕದಲ್ಲಿ ಅದು ಓಲಾಡುವುದೇ ಇಲ್ಲ. ಬೆರಳುಗಳು ಓಲಾಡಲು ಬಿಡುವುದಿಲ್ಲ. ಗೇಜನ್ನು ಅಲ್ಲಿಟ್ಟು ತಿರುಗಿಸಿದರೆ ಮುಳ್ಳು ಗೂಟ ಹೊಡೆದಂತೆ ನಿಂತಿರುತ್ತದೆ. ಕಲಿಯುವವರು ಸಂತೋಷಪಡುತ್ತಾರೆ. ಆದರೆ ಸ್ಟೆಡಿಯೇ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಇದ್ದರೂ ಮುಳ್ಳು ಹಾಗೆಯೇ ನಿಲ್ಲುತ್ತಿತ್ತು! ಓಲಾಟವಿಲ್ಲ ಎಂದ ಮಾತ್ರಕ್ಕೆ ಓರೆಯಿಲ್ಲ ಎಂದಾಗದು.

ಇಂಥ ಓರೆಯಲ್ಲಿ ಯಂತ್ರವನ್ನು ಓಡಿಸಿದರೆ ಶಾಫ್ಟು ಚಕ್ಕಿನ ಬಾಯಿಯಲ್ಲಿ ಪ್ರತಿ ಸುತ್ತಿಗೂ ಬಾಗಿ ಬಾಗಿ ಸಡಿಲಗೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಹೊರಕ್ಕೆ ತೆವಳಿ ಕೊನೆಗೆ ಚಕ್ಕಿನಿಂದ ಕಳಚಿಕೊಳ್ಳಲೂಬಹುದು.

ಸರಾಸರಿಯ ಉಪಾಯ

ಓಲಾಟ ಮತ್ತು ಓರೆ ಎರಡೂ ಒಟ್ಟಿಗೆ ಇದ್ದಾಗ ಅವನ್ನು ಬೇರ್ಪಡಿಸುವುದು ಹೇಗೆ? ಉಪಾಯ ಸುಲಭ. ಒಂದು ಸುತ್ತಿನಲ್ಲಿ ಮುಳ್ಳು ತೋರುವ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕಿಗಳ ಸರಾಸರಿಯನ್ನು ತೆಗೆದುಕೊಂಡರೆ ಓಲಾಟ ಕಳೆದುಹೋಗಿ, ತಿರುಗುವ ಅಕ್ಷ ಎಲ್ಲಿದೆ ಎಂಬುದಷ್ಟೇ ಉಳಿಯುತ್ತದೆ.

25 ಮಿ.ಮೀ. ದಪ್ಪ, 1 ಮೀಟರ್ ಉದ್ದದ ಉಕ್ಕಿನ ಶಾಫ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ತುದಿ ಚಕ್ಕಿನಲ್ಲಿದೆ, ಇನ್ನೊಂದು ತುದಿ ಸ್ಟೆಡಿಯಲ್ಲಿದೆ. ಗೇಜು ಕ್ಯಾರೇಜಿನ ಮೇಲೆ, ನಾವು ನಿಂತ ಕಡೆಯಿಂದ, ಅಂದರೆ ಟೂಲ್ ಇರುವ ಕಡೆಯಿಂದ, ಶಾಫ್ಟನ್ನು ಅಡ್ಡಲಾಗಿ ಮುಟ್ಟುತ್ತಿದೆ. ಚಕ್ಕಿನ ಬಳಿ ಒಂದು ಸುತ್ತು ತಿರುಗಿಸಿದಾಗ ಮುಳ್ಳು 10 ರಿಂದ 14ರವರೆಗೆ ಆಡಿತು. ಸರಾಸರಿ 12. ಗೇಜನ್ನು ಕಳಚದೆ, ಕ್ಯಾರೇಜನ್ನು ಸರಿಸಿ ಸ್ಟೆಡಿಯ ಪಕ್ಕಕ್ಕೆ ಬಂದೆವು. ಅಲ್ಲಿ ಮುಳ್ಳು 22 ರಿಂದ 24ರವರೆಗೆ ಆಡಿತು. ಸರಾಸರಿ 23.

ಈಗ ಲೆಕ್ಕ ನೋಡಿ. ಚಕ್ಕಿನ ಬಳಿ ಒಟ್ಟು ಆಟ 4 ಗೆರೆ. ಶಾಫ್ಟಿನ ಕೇಂದ್ರ ಜಾಗ ತಪ್ಪಿರುವುದು ಅದರ ಅರ್ಧ ಮಾತ್ರ, 2 ಗೆರೆ. ಏಕೆಂದರೆ ಅರ್ಧ ಸುತ್ತಿನಲ್ಲಿ ಅದು ಅಕ್ಷದ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ನಾಲ್ಕು ದವಡೆಯ ಚಕ್ಕಿನಲ್ಲಿ ಹೆಚ್ಚು ತೋರಿದ ಕಡೆಯ ದವಡೆಯನ್ನು ಒತ್ತಿ, ಎದುರಿನದನ್ನು ಬಿಟ್ಟು, 0.02 ಮಿ.ಮೀ. ಸರಿಸಿದರೆ ಸಾಕು. ಹೊಸಬರು ಪೂರ್ತಿ 0.04 ಮಿ.ಮೀ. ಸರಿಸಿ, ತಪ್ಪನ್ನು ಇನ್ನೊಂದು ಕಡೆಗೆ ದಾಟಿಸಿಬಿಡುತ್ತಾರೆ.

ಓರೆಯಾದರೋ 23ರಲ್ಲಿ 12 ಕಳೆದರೆ 11 ಗೆರೆ, ಅಂದರೆ 0.11 ಮಿ.ಮೀ. ಸ್ಟೆಡಿಯ ಬಳಿ ಅಕ್ಷವು ಇಷ್ಟು ನಮ್ಮ ಕಡೆಗೆ ಬಂದಿದೆ. ಹೀಗೆಯೇ ಟೂಲ್ ಓಡಿಸಿದರೆ ಅಲ್ಲಿ ವ್ಯಾಸ 0.22 ಮಿ.ಮೀ. ಕಡಿಮೆಯಾಗುತ್ತದೆ, ಒಂದು ಸುತ್ತಿನಲ್ಲಿ ಎರಡೂ ಮಗ್ಗುಲಿನಿಂದ ಲೋಹ ಹೋಗುತ್ತದಲ್ಲ! 25 ಮಿ.ಮೀ. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ 0.013 ಮಿ.ಮೀ. ಮಾತ್ರ. ನಮ್ಮದು ಅದರ ಹದಿನೇಳು ಪಟ್ಟು.

ಸ್ಟೆಡಿಯ ಬೆರಳುಗಳನ್ನು ಹೊಂದಿಸಿ ಶಾಫ್ಟನ್ನು 0.11 ಮಿ.ಮೀ. ಆಚೆಗೆ ಸರಿಸಬೇಕು. ಸರಿಸಿದ ಮೇಲೆ ಚಕ್ಕಿನ ಬಳಿಯ ಅಂಕಿಯೂ ಸ್ವಲ್ಪ ಬದಲಾಗಿರುತ್ತದೆ. ಆದ್ದರಿಂದ ಎರಡೂ ಕಡೆ ಮತ್ತೆ ನೋಡಿ, ಮತ್ತೆ ಸರಿಸಬೇಕು. ಎರಡು ಮೂರು ಸಲದಲ್ಲಿ ಹೊಂದಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಗೇಜು ಮುಟ್ಟುವ ಎರಡು ಜಾಗಗಳ ವ್ಯಾಸ ಒಂದೇ ಇರಬೇಕು. ಮೊದಲೇ ಮೈಕ್ರೋಮೀಟರಿನಿಂದ ಅಳೆಯಿರಿ. ವ್ಯತ್ಯಾಸವಿದ್ದರೆ ಅದರ ಅರ್ಧವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಶಾಫ್ಟಿನ ದಪ್ಪ ಉದ್ದಕ್ಕೂ ಒಂದೇ ಆಗಿದ್ದರೆ ಅನುಭವಿ ಟರ್ನರುಗಳು ಇನ್ನೊಂದು ಉಪಾಯ ಮಾಡುತ್ತಾರೆ. ಮೊದಲು ಸ್ಟೆಡಿಯನ್ನು ಚಕ್ಕಿನ ಹತ್ತಿರವೇ ನಿಲ್ಲಿಸಿ, ಈಗಾಗಲೇ ಸರಿಮಾಡಿದ ಆ ಜಾಗದಲ್ಲಿ ಬೆರಳುಗಳನ್ನು ಮೆಲ್ಲನೆ ತಾಗಿಸಿ ಬಿಗಿಯುತ್ತಾರೆ. ಆಮೇಲೆ ಸ್ಟೆಡಿಯನ್ನು ಹಾಗೆಯೇ ಬೆಡ್ಡಿನ ಮೇಲೆ ದೂರದ ತುದಿಗೆ ಜಾರಿಸುತ್ತಾರೆ. ಕೇಂದ್ರವೂ ಅದರ ಜೊತೆಯಲ್ಲೇ ಸಾಗುತ್ತದೆ. ಅದಾದ ಮೇಲೂ ಗೇಜಿನಿಂದ ನೋಡುವುದನ್ನು ಬಿಡುವುದಿಲ್ಲ.

ಪೈಥಾಗೊರಸನ ನೆರವು

ಓರೆಯು ಪಕ್ಕಕ್ಕೆ ಇರಬಹುದು, ಮೇಲೆ ಕೆಳಗೆ ಇರಬಹುದು. ಎರಡೂ ಸಮಾನ ಅಪಾಯಕಾರಿಯೆ? ಇಲ್ಲ. ನೀವು ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಇದನ್ನು ತೋರಿಸುತ್ತದೆ.

ಟೂಲಿನ ತುದಿ ಅಕ್ಷದಿಂದ 12.5 ಮಿ.ಮೀ. ದೂರದಲ್ಲಿದೆ. ಶಾಫ್ಟು 0.1 ಮಿ.ಮೀ. ಪಕ್ಕಕ್ಕೆ ಸರಿದರೆ ತ್ರಿಜ್ಯ ನೇರವಾಗಿ 0.1 ಮಿ.ಮೀ. ಬದಲಾಗುತ್ತದೆ, ವ್ಯಾಸ 0.2 ಮಿ.ಮೀ. ಬದಲಾಗುತ್ತದೆ. ಅಷ್ಟೇ ಮೇಲಕ್ಕೆ ಸರಿದರೆ? ಈಗ ತ್ರಿಜ್ಯವು 12.5 ಮತ್ತು 0.1 ಬಾಹುಗಳಿರುವ ಲಂಬಕೋನ ತ್ರಿಭುಜದ ಕರ್ಣ. 12.5ರ ವರ್ಗ 156.25, 0.1ರ ವರ್ಗ 0.01, ಕೂಡಿದರೆ 156.26; ಅದರ ವರ್ಗಮೂಲ ಸುಮಾರು 12.5004. ವ್ಯಾಸದಲ್ಲಿ ವ್ಯತ್ಯಾಸ 0.0008 ಮಿ.ಮೀ. ಮಾತ್ರ. ಪಕ್ಕದ ತಪ್ಪು ಇದರ 250 ಪಟ್ಟು ದೊಡ್ಡದು.

ಹಾಗೆಂದು ಮೇಲೆ ಕೆಳಗಿನ ಓರೆಯನ್ನು ಅಲಕ್ಷಿಸಬಾರದು. ಶಾಫ್ಟಿನ ತುದಿಯಲ್ಲಿ ರಂಧ್ರ ಕೊರೆಯುವಾಗ ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಚಕ್ಕಿನ ಬಾಯಿಯಲ್ಲಿ ಬಾಗಿಸುವುದೂ ತಪ್ಪದು. ಆದರೆ ಹೊರಮೈ ಕೆತ್ತುವಾಗ ಮೊದಲ ಗಮನ ಪಕ್ಕದ ಓರೆಗೆ ಸಲ್ಲಬೇಕು.

ಬೆಡ್ಡು ತಿರುಚಿದ್ದರೆ

ಎಲ್ಲವನ್ನೂ ಸರಿಮಾಡಿದ ಮೇಲೂ ಟೇಪರ್ ಬರುತ್ತಿದ್ದರೆ ಯಂತ್ರವನ್ನೇ ಶಂಕಿಸಬೇಕು. ಭಾರವಾದ ಬೆಡ್ಡು ಕೂಡ ನೆಲ ಸಮವಾಗಿಲ್ಲದಿದ್ದರೆ ಒದ್ದೆ ಬಟ್ಟೆಯಂತೆ ತುಸು ತಿರುಚಿಕೊಳ್ಳುತ್ತದೆ. ಹಳಿಗಳ ನಡುವಿನ ಅಂತರ 300 ಮಿ.ಮೀ., ಹಳಿಯಿಂದ ಸೆಂಟರಿನ ಎತ್ತರ 200 ಮಿ.ಮೀ. ಎಂದುಕೊಳ್ಳಿ. ಬಲ ತುದಿಯಲ್ಲಿ ಒಂದು ಹಳಿ 0.03 ಮಿ.ಮೀ. ಮೇಲೆದ್ದಿದ್ದರೆ ಕ್ಯಾರೇಜು ವಾಲಿ, ಟೂಲಿನ ತುದಿ 0.02 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ವ್ಯಾಸದಲ್ಲಿ ಅದು 0.04 ಮಿ.ಮೀ. ಆದ್ದರಿಂದಲೇ ಲೇತನ್ನು ಸ್ಥಾಪಿಸುವಾಗ ಅತಿ ಸೂಕ್ಷ್ಮವಾದ ರಸಮಟ್ಟ ಬಳಸುತ್ತಾರೆ. 1 ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 0.02 ಮಿ.ಮೀ. ಎತ್ತಿದರೂ ಅದರ ಗುಳ್ಳೆ ಒಂದು ಗೆರೆ ಸರಿಯುತ್ತದೆ.

ಯಂತ್ರದ ನಿಜವಾದ ಸಾಕ್ಷಿ ಕೆತ್ತಿದ ತುಂಡೇ. ಎರಡು ಸೆಂಟರುಗಳ ನಡುವೆ ಒಂದು ದಪ್ಪನೆಯ ದಂಡವನ್ನು ಹಿಡಿದು, ಎರಡೂ ತುದಿಗಳಲ್ಲಿ ಬಳೆಯಂತೆ ಉಬ್ಬು ಬಿಟ್ಟು, ಟೂಲಿನ ಹೊಂದಾಣಿಕೆ ಬದಲಿಸದೆ ಎರಡನ್ನೂ ತೆಳುವಾಗಿ ಕೆತ್ತಿ ಅಳೆಯುತ್ತಾರೆ. ಟೇಲ್‌ಸ್ಟಾಕಿನ ಕಡೆಯ ಬಳೆ 0.06 ಮಿ.ಮೀ. ದಪ್ಪವಿದ್ದರೆ ಟೇಲ್‌ಸ್ಟಾಕನ್ನು ಅದರ ಅರ್ಧದಷ್ಟು, 0.03 ಮಿ.ಮೀ., ಟೂಲಿನ ಕಡೆಗೆ ತರಬೇಕು. ಇಲ್ಲಿಯೂ ಅರ್ಧದ ನಿಯಮವೇ.

ಬಾಗುವ ಉಕ್ಕು, ಬೆಳೆಯುವ ಉಕ್ಕು

ಉಕ್ಕು ನಮ್ಮ ಕೈಗೆ ಗಟ್ಟಿ. ಗೇಜಿನ ಕಣ್ಣಿಗೆ ಅದು ಬೆತ್ತದಂತೆ ಬಳುಕುತ್ತದೆ. ನಮ್ಮ 1 ಮೀಟರ್ ಶಾಫ್ಟನ್ನು ಎರಡು ಸೆಂಟರುಗಳ ನಡುವೆ ಹಿಡಿದು ಮಧ್ಯದಲ್ಲಿ ಸುಮಾರು 10 ಕಿಲೋ ತೂಕದಷ್ಟು ಬಲದಿಂದ ಟೂಲ್ ಒತ್ತಿದರೆ ಅದು ಅರ್ಧ ಮಿಲಿಮೀಟರ್ ಹಿಂದಕ್ಕೆ ಬಾಗುತ್ತದೆ. ತುದಿಗಳಲ್ಲಿ ಹಾಗೆ ಬಾಗುವುದಿಲ್ಲ. ಫಲವಾಗಿ ಶಾಫ್ಟು ಮದ್ದಳೆಯಂತೆ ನಡುವೆ ದಪ್ಪವಾಗುತ್ತದೆ. ಬಾಗುವಿಕೆ ಉದ್ದದ ಘನಕ್ಕೆ ಅನುಗುಣ: ಉದ್ದ ಅರ್ಧವಾದರೆ ಬಾಗುವಿಕೆ ಎಂಟನೇ ಒಂದು ಪಾಲಾಗುತ್ತದೆ. ನಡುವೆ ಸ್ಟೆಡಿ ನಿಲ್ಲಿಸುವುದರ ಗುಟ್ಟು ಇದೇ. ಕ್ಯಾರೇಜಿನ ಜೊತೆಯಲ್ಲೇ ಸಾಗುತ್ತ, ಟೂಲಿನ ಎದುರಿನಿಂದ ಶಾಫ್ಟಿಗೆ ಆಸರೆ ಕೊಡುವ ಚಲಿಸುವ ಸ್ಟೆಡಿಯೂ ಉಂಟು.

ಇನ್ನು ಶಾಖ. ಉಕ್ಕು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 1 ಮೀಟರಿಗೆ 0.011 ರಿಂದ 0.012 ಮಿ.ಮೀ. ಹಿಗ್ಗುತ್ತದೆ. ಕೆತ್ತುವಾಗ 20 ಡಿಗ್ರಿ ಏರಿದರೆ 0.23 ಮಿ.ಮೀ. ಹಿಗ್ಗುವಿಕೆ. ಎರಡೂ ತುದಿಗಳಲ್ಲಿ ಸೆಂಟರು ಬಿಗಿದಿದ್ದರೆ ಅದಕ್ಕೆ ಜಾಗವೆಲ್ಲಿ? ಶಾಫ್ಟು ಬಾಗಬೇಕು, ಇಲ್ಲವೆ ಸೆಂಟರು ಸುಡಬೇಕು. ಆದ್ದರಿಂದ ಆಗಾಗ ಯಂತ್ರ ನಿಲ್ಲಿಸಿ ಟೇಲ್‌ಸ್ಟಾಕನ್ನು ತುಸು ಸಡಿಲಿಸಿ ಮತ್ತೆ ತಾಗಿಸುವುದು, ತಣ್ಣಗಾದ ಮೇಲೆಯೇ ಕೊನೆಯ ಅಳತೆ ತೆಗೆಯುವುದು ರೂಢಿ.

ನಿಖರತೆಯ ಹಾದಿ

ಕೈಯಲ್ಲಿ ಉಳಿ ಹಿಡಿದು ಲೋಹ ಕೆತ್ತುತ್ತಿದ್ದ ಕಾಲದಲ್ಲಿ ಈ ಲೆಕ್ಕಗಳಿಗೆ ಅರ್ಥವಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲಿ 1800ರ ಸುಮಾರಿಗೆ ಪೂರ್ತಿ ಲೋಹದ ಲೇತಿನಲ್ಲಿ ಟೂಲನ್ನು ನೇರ ಹಳಿಗಳ ಮೇಲೆ ಸ್ಕ್ರೂವಿನಿಂದ ಓಡಿಸಿದ. ಅಲ್ಲಿಂದ ಕೆಲಸದ ನಿಖರತೆ ಕುಶಲಿಯ ಕೈಯ ಜೊತೆಗೆ ಯಂತ್ರದ ರೇಖೆಗಳನ್ನೂ ಅವಲಂಬಿಸಿತು. ಆ ರೇಖೆಗಳನ್ನು ಪರೀಕ್ಷಿಸುವ ಕ್ರಮವನ್ನು ಜರ್ಮನಿಯ ಪ್ರಾಧ್ಯಾಪಕ ಗೇಯಾರ್ಗ್ ಶ್ಲೇಸಿಂಗರ್ 1927ರಲ್ಲಿ ಪುಸ್ತಕ ರೂಪದಲ್ಲಿ ಕೊಟ್ಟರು. ಇಂದಿನ ಪರೀಕ್ಷಾ ಪಟ್ಟಿಗಳಿಗೆ ಅದೇ ಮೂಲ.

ನಮ್ಮ ನಾಡಿಗೂ ಲೇತಿಗೂ ಹಳೆಯ ನಂಟು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿತ್ತು; ಆ ಕಾರ್ಖಾನೆ ಈಗ ಇಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಮೊದಲು ತಯಾರಿಸಿದ್ದೂ ಲೇತನ್ನೇ. ಈ ಯಂತ್ರಗಳನ್ನು ಐ.ಟಿ.ಐ.ಗಳಲ್ಲಿ, ಊರೂರಿನ ವರ್ಕ್‌ಶಾಪುಗಳಲ್ಲಿ ಇಂದಿಗೂ ಕಾಣಬಹುದು. ಈಗ ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಲೇತುಗಳೂ ಬಂದಿವೆ. ಆದರೆ ಶಾಫ್ಟು ಓರೆಯಾಗಿ ಕುಳಿತಿದ್ದರೆ, ಅಳೆದು ತಿಳಿಸದ ಹೊರತು, ಕಂಪ್ಯೂಟರಿಗೂ ಅದು ಗೊತ್ತಾಗದು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಉದ್ದನೆಯ ಸರಳನ್ನು ಸ್ಪಿಂಡಲಿನ ರಂಧ್ರದ ಮೂಲಕ ತೂರಿಸಿ, ಹೆಡ್‌ಸ್ಟಾಕಿನ ಎಡಕ್ಕೆ ಆಸರೆಯಿಲ್ಲದೆ ಚಾಚಿಕೊಂಡಿರುವಂತೆ ಬಿಟ್ಟು ಎಂದೂ ವೇಗವಾಗಿ ಓಡಿಸಕೂಡದು. ವೇಗ ಮಿತಿ ಮೀರಿದ ಕೂಡಲೇ ಸರಳು ಬಾಗಿ, ಚಾಟಿಯಂತೆ ಬೀಸಿ, ಹತ್ತಿರವಿದ್ದವರನ್ನು ಹೊಡೆದು ಕೊಲ್ಲಬಲ್ಲದು. ಗೇಜಿನಿಂದ ಪರೀಕ್ಷಿಸುವಾಗ ಮೋಟಾರಿನ ಸ್ವಿಚ್ ಆರಿಸಿ ಚಕ್ಕನ್ನು ಕೈಯಿಂದಲೇ ತಿರುಗಿಸಿ. ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಡಬೇಡಿ. ಸಡಿಲ ತೋಳು, ದುಪಟ್ಟಾ, ಕೈಗವಸು ಲೇತಿನ ಬಳಿ ಬೇಡ.

ಮಾಡಿ ನೋಡಿ

1. ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮೇಜಿನ ಅಂಚಿನಿಂದ 10 ಸೆಂ.ಮೀ. ಹೊರಚಾಚಿ, ಒಳಗಿನ ಭಾಗವನ್ನು ಬಿಗಿಯಾಗಿ ಒತ್ತಿಹಿಡಿಯಿರಿ. ತುದಿಗೆ ಒಂದಿಷ್ಟು ನಾಣ್ಯಗಳನ್ನು ಕಟ್ಟಿ, ಅದು ಎಷ್ಟು ಕೆಳಗಿಳಿಯಿತೆಂದು ಅಳೆಯಿರಿ. ಈಗ 20 ಸೆಂ.ಮೀ. ಹೊರಚಾಚಿ ಅದೇ ನಾಣ್ಯಗಳಿಂದ ಮತ್ತೆ ಮಾಡಿ. ಇಳಿತ ಎಷ್ಟು ಪಟ್ಟಾಯಿತು?

2. ಒಂದು ಶಾಫ್ಟಿನಲ್ಲಿ ಚಕ್ಕಿನ ಬಳಿ ಮುಳ್ಳು 6 ರಿಂದ 12ರವರೆಗೆ, ಸ್ಟೆಡಿಯ ಬಳಿ 15 ರಿಂದ 17ರವರೆಗೆ ಆಡಿತು. ವ್ಯಾಸ ಎರಡೂ ಕಡೆ ಒಂದೇ. ಚಕ್ಕಿನಲ್ಲಿ ಎಷ್ಟು ಸರಿಸಬೇಕು? ಓರೆ ಎಷ್ಟು? ಹಾಗೆಯೇ ಕೆತ್ತಿದರೆ ಎರಡು ತುದಿಗಳ ವ್ಯಾಸದಲ್ಲಿ ವ್ಯತ್ಯಾಸವೆಷ್ಟು?

ಉತ್ತರಗಳು: 1. ಸುಮಾರು ಎಂಟು ಪಟ್ಟು. 2. ಕ್ರಮವಾಗಿ 0.03 ಮಿ.ಮೀ., 0.07 ಮಿ.ಮೀ., 0.14 ಮಿ.ಮೀ.